2024ರ ಏಪ್ರಿಲ್ ಅಷ್ಟೇಕೆ ಕಾಯಿತು? ಬಿಸಿಲಿನ ಲೆಕ್ಕ, ನೀರಿನ ಲೆಕ್ಕ, ಹಾಲಿನ ಲೆಕ್ಕ



ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳ ಹಾಲು ಸಂಘದ ಕಟ್ಟೆಯ ಮೇಲೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, "ಈ ಸಲದ ಬಿಸಿಲು ಯಾವ ವರ್ಷವೂ ಇರಲಿಲ್ಲ" ಎಂಬುದು. ಇನ್ನೊಂದು, "ಹಾಲು ಕಡಿಮೆಯಾಯಿತು ಸರಿ, ಫ್ಯಾಟು ಏಕೆ ಇಳಿಯಿತು? ಅಳೆಯುವುದರಲ್ಲೇ ಏನೋ ಇದೆ" ಎಂಬುದು. ಮೊದಲನೆಯ ಮಾತು ಹವೆಗೆ ಸಂಬಂಧಿಸಿದ್ದು. ಎರಡನೆಯದು ನಮ್ಮ ನಮ್ಮ ನಡುವಿನ ವಿಶ್ವಾಸಕ್ಕೆ ಸಂಬಂಧಿಸಿದ್ದು. ಇವೆರಡಕ್ಕೂ ಒಂದೇ ಉತ್ತರವಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆ ಉತ್ತರವನ್ನು 2024ರ ಏಪ್ರಿಲ್ ತಿಂಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಆ ತಿಂಗಳು ನಡೆದದ್ದು

2024ರ ಯುಗಾದಿ ಏಪ್ರಿಲ್ 9ರಂದು ಬಂತು. ಹಬ್ಬದ ಹೊತ್ತಿಗೇ ಬಯಲು ಸೀಮೆ ಕಾದ ಹಂಚಿನಂತಾಗಿತ್ತು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿತು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೂ ಪಾದರಸ 40ರ ಸಮೀಪದಲ್ಲೇ ಓಡಾಡಿತು. ಏಪ್ರಿಲ್ 26ರಂದು ನಮ್ಮ ಕ್ಷೇತ್ರದಲ್ಲಿ ಲೋಕಸಭಾ ಚುನಾವಣೆಯ ಮತದಾನ ನಡೆದಾಗ ಜನ ಬೆಳಿಗ್ಗೆ ಬೇಗ ಅಥವಾ ಸಂಜೆ ಹೊತ್ತಿನಲ್ಲಿ ಮತಗಟ್ಟೆಗೆ ಹೋಗಲು ನೋಡಿದ್ದು ನೆನಪಿರಬಹುದು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಅಲ್ಲಿನ ಏಪ್ರಿಲ್ ತಿಂಗಳ ದಾಖಲೆಯಲ್ಲಿ ಇದಕ್ಕಿಂತ ಹೆಚ್ಚಿನದು 2016ರ ಏಪ್ರಿಲ್ 25ರಂದು ಬಂದಿದ್ದ 39.2 ಡಿಗ್ರಿ. ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ 2024ರ ಏಪ್ರಿಲ್ ಪೂರ್ತಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. ಹಾಗೆ ಆದದ್ದು 1983ರ ನಂತರ ಅದೇ ಮೊದಲು.

ಇಲ್ಲಿ ಒಂದು ಮಾತು ಗಮನಿಸಬೇಕು. ಆಕಾಶವಾಣಿಯಲ್ಲಿ, ಪತ್ರಿಕೆಯಲ್ಲಿ ಹೇಳುವ ಉಷ್ಣಾಂಶ ನೆರಳಿನದು. ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಟ್ಟ ಮಾಪಕದ ಲೆಕ್ಕ ಅದು. ಅದೇ ಹೊತ್ತಿನಲ್ಲಿ ಬೆಳೆ ಇಲ್ಲದ ಒಣ ಹೊಲದ ಮೇಲ್ಮಣ್ಣು 50 ಡಿಗ್ರಿ ದಾಟಿರುತ್ತದೆ. ಬಿಸಿಲಿಗೆ ಕಟ್ಟಿದ ಹಸುವಿಗೆ ತಗಲುವುದು ರೇಡಿಯೋದಲ್ಲಿ ಹೇಳಿದ 39 ಅಲ್ಲ, ಅದಕ್ಕೂ ಬಹಳ ಹೆಚ್ಚು.

ತಪ್ಪು ಸೂರ್ಯನದೇ?

ಬಿಸಿಲು ಹೆಚ್ಚಾಯಿತು ಎಂದರೆ ಸೂರ್ಯನೇ ಹೆಚ್ಚು ಉರಿದ ಎಂದು ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಒಂದು ಸಣ್ಣ ಪರೀಕ್ಷೆಯಿಂದ ಇದನ್ನು ತಿಳಿಯಬಹುದು.

ಆದಿವಾಲ, ಹಿರಿಯೂರು ಕಡೆಯ ನಮ್ಮ ಊರುಗಳು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿವೆ. ಇಂಥ ಜಾಗದಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಮೊದಲನೆಯದು ಏಪ್ರಿಲ್ 27ರ ಆಸುಪಾಸು, ಎರಡನೆಯದು ಆಗಸ್ಟ್ 15ರ ಆಸುಪಾಸು. ಸ್ವಾತಂತ್ರ್ಯ ದಿನದಂದು ಮೋಡ ಸರಿದು ಬಿಸಿಲು ಬಿದ್ದರೆ, ಮಧ್ಯಾಹ್ನ 12 ಗಂಟೆ ದಾಟಿ ಇಪ್ಪತ್ತು ಮೂವತ್ತು ನಿಮಿಷದ ಹೊತ್ತಿಗೆ ಶಾಲೆಯ ಅಂಗಳದ ಧ್ವಜಸ್ತಂಭವನ್ನು ನೋಡಿ. ಅದರ ನೆರಳು ಬುಡದಲ್ಲೇ ಅಡಗಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ನಿಮ್ಮ ಕೊಟ್ಟಿಗೆಯ ಗೂಟದ ನೆರಳೂ ಹೀಗೆಯೇ.

ಅಂದರೆ ಆಗಸ್ಟ್ ನಡುವಿನಲ್ಲಿಯೂ ಸೂರ್ಯ ಏಪ್ರಿಲ್ ಕೊನೆಯಷ್ಟೇ ನೆತ್ತಿಯ ಮೇಲಿರುತ್ತಾನೆ. ಆದರೂ ಆಗಸ್ಟ್ ನಮಗೆ ತಂಪಿನ ತಿಂಗಳು. ಏಕೆ? ಆಗ ಮೇಲೆ ಮೋಡ ಇರುತ್ತದೆ, ಪಡುವಣ ಗಾಳಿ ಬೀಸುತ್ತಿರುತ್ತದೆ, ಕೆಳಗೆ ನೆಲ ತೇವವಾಗಿರುತ್ತದೆ. ಏಪ್ರಿಲ್‌ನಲ್ಲಿ ಈ ಮೂರೂ ಇರುವುದಿಲ್ಲ. ಸೂರ್ಯನ ಪಾತ್ರ ಪ್ರತಿ ವರ್ಷವೂ ಒಂದೇ. ವರ್ಷದಿಂದ ವರ್ಷಕ್ಕೆ ಬದಲಾಗುವುದು ಮೋಡ, ಗಾಳಿ ಮತ್ತು ತೇವ.

ಇದಕ್ಕೆ ಸಾಕ್ಷಿ ಬೇಕೆಂದರೆ 2023ರ ಆಗಸ್ಟ್ ಸಾಕು. ಆ ತಿಂಗಳು ಮಳೆ ಕೈಕೊಟ್ಟಿತು. ಇಡೀ ದೇಶದಲ್ಲಿ ವಾಡಿಕೆಗಿಂತ ಶೇಕಡಾ 36ರಷ್ಟು ಮಳೆ ಕೊರತೆಯಾಯಿತು. ಮೋಡ ಇಲ್ಲದ ಆ ಆಗಸ್ಟ್, 1901ರಿಂದ ಈಚಿನ ದಾಖಲೆಯಲ್ಲಿ ಅಲ್ಲಿಯವರೆಗಿನ ಅತಿ ಒಣ ಆಗಸ್ಟ್ ಆಯಿತು. ಜೊತೆಗೆ ಅತಿ ಬಿಸಿ ಆಗಸ್ಟ್ ಕೂಡ ಆಯಿತು. ಒಣಗುವುದೂ ಕಾಯುವುದೂ ಒಂದರ ಹಿಂದೆ ಒಂದು ಬರುವ ಜೋಡೆತ್ತುಗಳಿದ್ದಂತೆ.

ನೆಲದ ತೇವ ಮಾಡುವ ಕೆಲಸ

ಮಡಕೆಯ ನೀರು ಏಕೆ ತಣ್ಣಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗಿ ಹೋಗುವಾಗ ಬಿಸಿಯನ್ನು ತನ್ನ ಜೊತೆ ಕೊಂಡೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 580 ಕಿಲೋ ಕ್ಯಾಲೊರಿ. ಅಷ್ಟು ಶಾಖದಿಂದ ಏಳು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಒಂದು ಲೀಟರ್ ನೀರು ಸದ್ದಿಲ್ಲದೆ ಆರಿ ಹೋಗುವಾಗ ಏಳು ಲೀಟರ್ ಕುದಿಸುವಷ್ಟು ಬಿಸಿಯನ್ನು ನುಂಗುತ್ತದೆ ಎಂದಾಯಿತು.

ಹೊಲವೂ ಒಂದು ದೊಡ್ಡ ಮಡಕೆ. ಮಣ್ಣಿನಲ್ಲಿ ತೇವವಿದ್ದರೆ, ಮೇಲೆ ಹಸಿರಿದ್ದರೆ, ಬಿದ್ದ ಬಿಸಿಲಿನ ಬಹುಪಾಲು ಆ ತೇವವನ್ನು ಆವಿ ಮಾಡುವುದರಲ್ಲಿಯೇ ಖರ್ಚಾಗುತ್ತದೆ. ಗಾಳಿ ಅಷ್ಟಾಗಿ ಕಾಯುವುದಿಲ್ಲ. ತೇವ ಮುಗಿದ ಮೇಲೆ ಬಿಸಿಲಿಗೆ ಬೇರೆ ಕೆಲಸವಿಲ್ಲ. ಅದು ಮಣ್ಣನ್ನು ಕಾಯಿಸುತ್ತದೆ, ಮಣ್ಣು ಗಾಳಿಯನ್ನು ಕಾಯಿಸುತ್ತದೆ. ಏಪ್ರಿಲ್ ಮಧ್ಯಾಹ್ನ ವಾಣಿವಿಲಾಸ ಸಾಗರದ ನಾಲೆ ನೀರು ಹಾಯಿಸಿದ ತೆಂಗಿನ ತೋಟದೊಳಗಿಂದ ಹೊರಗೆ ಬಂದು, ಪಕ್ಕದ ಕುಯಿಲಾದ ಶೇಂಗಾ ಹೊಲಕ್ಕೆ ಕಾಲಿಟ್ಟವರಿಗೆ ಈ ವ್ಯತ್ಯಾಸವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೂರ್ಯ ಒಬ್ಬನೇ, ಬೇಲಿಯ ಈಚೆ ಒಂದು ಹವೆ, ಆಚೆ ಒಂದು ಹವೆ.

ನಮ್ಮದು ಪಶ್ಚಿಮ ಘಟ್ಟದ ಮಳೆಯ ಮರೆಯಲ್ಲಿರುವ ನಾಡು. ಪಡುವಣ ಗಾಳಿ ತನ್ನ ನೀರನ್ನು ಘಟ್ಟದ ಮೇಲೆ ಸುರಿದು, ಒಣಗಿ ನಮ್ಮಲ್ಲಿಗೆ ಬರುತ್ತದೆ. ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರ ತಿರುಗಿಸಲು ಅದು ಒಳ್ಳೆಯದು, ಮಳೆಗೆ ಅಲ್ಲ. ಹೀಗಾಗಿ ನಮ್ಮ ನೆಲದ ತೇವದ ಉಳಿತಾಯ ಯಾವಾಗಲೂ ಚಿಕ್ಕದು. ಮಳೆಗಾಲ ಒಂದು ಸಲ ತಪ್ಪಿದರೆ ಮುಂದಿನ ಬೇಸಿಗೆಗೆ ಖಾತೆಯಲ್ಲಿ ಏನೂ ಉಳಿದಿರುವುದಿಲ್ಲ.

ತೇವ ಹೋದದ್ದು ಎಲ್ಲಿಗೆ?

ಈಗ 2024ರ ಏಪ್ರಿಲ್ ಏಕೆ ಕಾಯಿತು ಎಂಬುದರ ಮೊದಲ ಕಾರಣ ಸಿಕ್ಕಿತು. ಅದು ಆ ತಿಂಗಳಲ್ಲಿ ಹುಟ್ಟಿದ್ದಲ್ಲ, ಎಂಟು ತಿಂಗಳು ಮುಂಚೆ ಹುಟ್ಟಿದ್ದು. 2023ರ ಆಗಸ್ಟ್‌ನಲ್ಲಿ ಮುಂಗಾರು ಕೈಕೊಟ್ಟಿತು. ಅಕ್ಟೋಬರ್ ನಂತರ ಹಿಂಗಾರೂ ಸಾಕಾಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ನವೆಂಬರ್ ವೇಳೆಗೆ ಆ ಸಂಖ್ಯೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223ಕ್ಕೆ ಏರಿತು. ನಮ್ಮ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಕೆರೆಗಳು ಬತ್ತಿದ್ದವು, ಬದುಗಳ ಹುಲ್ಲು ಒಣಗಿತ್ತು, ಮಣ್ಣು ಒಂದು ಮೊಳ ಆಳದವರೆಗೂ ಪುಡಿಯಾಗಿತ್ತು. ಅಂಥ ನೆಲದ ಮೇಲೆ ಏಪ್ರಿಲ್‌ನ ನೆತ್ತಿಯ ಸೂರ್ಯ ಬಿದ್ದಾಗ, ಬಿದ್ದದ್ದೆಲ್ಲಾ ಬಿಸಿಯಾಯಿತು.

ಎಲ್ ನಿನೊ ಎಂಬ ದೂರದ ಕಾರಣ

ಮುಂಗಾರು ತಪ್ಪಿದ್ದು ಏಕೆ ಎಂದು ಕೇಳಿದರೆ ಬಹು ದೂರ ಹೋಗಬೇಕು. ಪೆಸಿಫಿಕ್ ಮಹಾಸಾಗರದಲ್ಲಿ ಸಾಮಾನ್ಯವಾಗಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಿಸಿ ನೀರನ್ನು ಅದು ಇಂಡೋನೇಷ್ಯಾದ ಕಡೆಗೆ ದೂಡಿ ಇಟ್ಟಿರುತ್ತದೆ. ಅಲ್ಲಿ ಮೋಡ ಕಟ್ಟುತ್ತದೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಆ ಗಾಳಿ ಸಡಿಲಾಗುತ್ತದೆ. ಬಿಸಿ ನೀರು ಪೂರ್ವಕ್ಕೆ, ದಕ್ಷಿಣ ಅಮೆರಿಕದ ಕಡೆಗೆ ಹರಡುತ್ತದೆ. ಮೋಡ ಕಟ್ಟುವ ಜಾಗವೂ ಅದರ ಜೊತೆ ಸರಿಯುತ್ತದೆ. ಪೆರು ದೇಶದ ಮೀನುಗಾರರು ಕ್ರಿಸ್ಮಸ್ ಹೊತ್ತಿಗೆ ಕಾಣಿಸಿಕೊಳ್ಳುವ ಈ ಬಿಸಿ ನೀರಿಗೆ ಬಾಲಯೇಸುವಿನ ನೆನಪಿನಲ್ಲಿ ಎಲ್ ನಿನೊ, ಅಂದರೆ ಗಂಡು ಮಗು ಎಂದು ಹೆಸರಿಟ್ಟರು.

ಮೋಡ ಏಳುವ ಜಾಗ ಸರಿದಾಗ ಗಾಳಿ ಕೆಳಗಿಳಿಯುವ ಜಾಗವೂ ಸರಿಯುತ್ತದೆ. ಆಗ ಭಾರತದ ಮೇಲೆ ಗಾಳಿ ಇಳಿಯುವುದು ಹೆಚ್ಚಾಗಿ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. 2023ರ ಜೂನ್‌ನಲ್ಲಿ ಎಲ್ ನಿನೊ ಆರಂಭವಾಯಿತು, ವರ್ಷದ ಕೊನೆಗೆ ಪೂರ್ಣ ಬಲಕ್ಕೆ ಬಂತು, 2024ರ ಮೇ-ಜೂನ್ ವೇಳೆಗೆ ಇಳಿದುಹೋಯಿತು. ಅಂದರೆ ನಮ್ಮ ಬರ ಮತ್ತು ನಮ್ಮ ಬಿಸಿ ಏಪ್ರಿಲ್ ಎರಡೂ ಅದರ ಅವಧಿಯಲ್ಲೇ ಬಂದವು. 2015-16ರಲ್ಲೂ ಇದೇ ಕ್ರಮ ಕಂಡಿತ್ತು. 2015ರಲ್ಲಿ ಎಲ್ ನಿನೊ ಮತ್ತು ಬರ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆ 39.2 ಡಿಗ್ರಿ.

ಹಾಗೆಂದು ಎಲ್ ನಿನೊ ಬಂದಾಗಲೆಲ್ಲ ಬರ ಖಚಿತ ಎಂದಲ್ಲ. 1997ರಲ್ಲಿ ಬಹಳ ಬಲವಾದ ಎಲ್ ನಿನೊ ಇತ್ತು, ಆದರೂ ದೇಶದ ಮುಂಗಾರು ವಾಡಿಕೆಯಷ್ಟು ಆಯಿತು. ನಮ್ಮ ಹಿಂದೂ ಮಹಾಸಾಗರದ ನೀರಿನ ಬಿಸಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಲ್ ನಿನೊ ಎಂಬುದನ್ನು ಸಾಲಗಾರನ ನೋಟೀಸಿನಂತೆ ತಿಳಿಯಬೇಕು. ಬಂದೊಡನೆ ಮನೆ ಜಪ್ತಿಯಾಗದು, ಆದರೆ ಕಡೆಗಣಿಸುವುದು ಜಾಣತನವಲ್ಲ.

ಬೇಸಿಗೆ ಮಳೆ ಏಕೆ ಬರಲಿಲ್ಲ?

ಒಣ ನೆಲ ಒಂದು ಕಾರಣವಾದರೆ, ಬೇಸಿಗೆಯ ಗುಡುಗು ಮಳೆ ಬಾರದಿದ್ದದ್ದು ಎರಡನೆಯದು. ಅಶ್ವಿನಿ, ಭರಣಿ ಮಳೆಗಳನ್ನು ನಾವು ಕಾಯುವುದು ಬಿತ್ತನೆಗಾಗಿ ಮಾತ್ರವಲ್ಲ. ಆ ಮಳೆಗಳೇ ಬೇಸಿಗೆಯ ಕಾವು ಇಳಿಸುವ ತಣ್ಣೀರು ಬಟ್ಟೆಗಳು. ಸಮುದ್ರದ ಕಡೆಯಿಂದ ತೇವ ಗಾಳಿ ಒಳನಾಡಿಗೆ ಬಂದು, ಕಾದ ನೆಲದ ಮೇಲೆ ರಭಸದಿಂದ ಮೇಲೇರಿದರೆ ಸಂಜೆ ಹೊತ್ತಿಗೆ ಗುಡುಗು ಮಳೆಯಾಗುತ್ತದೆ. ಗಾಳಿ ಹಾಗೆ ಮೇಲೇರಲು ಮೇಲಿನ ಪದರದಲ್ಲಿ ಜಾಗ ಬೇಕು.

ಮೇಲಿನ ಪದರದಲ್ಲಿ ಒತ್ತಡ ಹೆಚ್ಚಿ ಗಾಳಿ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ, ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಕೆಳಗಿಳಿಯುವ ಒಣ ಗಾಳಿ ಒತ್ತಿಕೊಂಡು, ಪ್ರತಿ ಒಂದು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಾನೇ ಕಾಯುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುವುದು ಇದೇ ಕಾರಣದಿಂದ. ಮುಚ್ಚಳ ಬಿದ್ದರೆ ಮೋಡ ಬೆಳೆಯದು. ಮೋಡ ಬೆಳೆಯದಿದ್ದರೆ ಬಿಸಿಲಿಗೆ ಅಡ್ಡಿಯಿಲ್ಲ, ಮಳೆಯೂ ಇಲ್ಲ. ಮಳೆ ಇಲ್ಲದ್ದರಿಂದ ನೆಲ ಇನ್ನೂ ಒಣಗುತ್ತದೆ, ನೆಲ ಒಣಗಿದ್ದರಿಂದ ಮರುದಿನ ಇನ್ನೂ ಕಾಯುತ್ತದೆ. 2024ರ ಏಪ್ರಿಲ್‌ನಲ್ಲಿ ವಾರಗಟ್ಟಲೆ ನಡೆದದ್ದು ಈ ಸುತ್ತು. ಮೇ ತಿಂಗಳಲ್ಲಿ ಮಳೆ ಬಿದ್ದೊಡನೆ, ಸೂರ್ಯ ಎತ್ತರದಲ್ಲೇ ಇದ್ದರೂ, ಹವೆ ಇಳಿಯಿತು. ಸುತ್ತು ಕಡಿದದ್ದು ನೀರು.

ಭೂಮಿಯ ಮೈಬಿಸಿ

ಮೂರನೆಯ ಕಾರಣ ಇಡೀ ಭೂಮಿಗೆ ಸಂಬಂಧಿಸಿದ್ದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಾಗ ಹೊರಬರುವ ಇಂಗಾಲದ ಡೈ ಆಕ್ಸೈಡ್ ಮುಂತಾದ ಅನಿಲಗಳು ಭೂಮಿಯ ಬಿಸಿ ಹೊರಗೆ ಹೋಗದಂತೆ ಕಂಬಳಿ ಹೊದಿಸಿದಂತೆ ಹಿಡಿದಿಡುತ್ತವೆ. 2024ರ ಏಪ್ರಿಲ್, ಇಡೀ ಪ್ರಪಂಚದ ದಾಖಲೆಯಲ್ಲಿ ಅಲ್ಲಿಯವರೆಗಿನ ಅತಿ ಬಿಸಿ ಏಪ್ರಿಲ್ ಆಗಿತ್ತು. ಅದಕ್ಕೆ ಮುಂಚಿನ ಹತ್ತು ತಿಂಗಳುಗಳೂ ಒಂದೊಂದೂ ತಮ್ಮ ತಮ್ಮ ದಾಖಲೆ ಮುರಿದಿದ್ದವು. 2024 ಇಡೀ ವರ್ಷವೂ, ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕೆ ಹೋಲಿಸಿದರೆ, ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಿತ್ತು.

ಒಂದೂವರೆ ಡಿಗ್ರಿ ಏನು ದೊಡ್ಡದು ಎನ್ನಬಹುದು. ಆರೋಗ್ಯವಂತ ಹಸುವಿನ ಮೈಬಿಸಿ ಸುಮಾರು 38.5 ಡಿಗ್ರಿ. ಅದು 40 ಆದರೆ ಏನೆನ್ನುತ್ತೇವೆ? ಜ್ವರ ಎನ್ನುತ್ತೇವೆ, ಪಶುವೈದ್ಯರಿಗೆ ಹೇಳಿಕಳುಹಿಸುತ್ತೇವೆ. ಎಲ್ ನಿನೊ ಬಂದುಹೋಗುವ ನೆಂಟ. ಈ ಜ್ವರ ಮಾತ್ರ ಮನೆಯಲ್ಲೇ ಉಳಿಯುವಂಥದ್ದು. ಆದ್ದರಿಂದ ಮುಂದೆ ಬರುವ ಪ್ರತಿ ಒಣ ವರ್ಷವೂ ನಮ್ಮ ಅಜ್ಜಂದಿರ ಕಾಲದ ಒಣ ವರ್ಷಕ್ಕಿಂತ ಒಂದು ಮೆಟ್ಟಿಲು ಮೇಲಿನಿಂದಲೇ ಆರಂಭವಾಗುತ್ತದೆ.

ಹಸುವಿನ ಮೈಯಲ್ಲೂ ಇದೇ ಲೆಕ್ಕ

ಈಗ ಕೊಟ್ಟಿಗೆಗೆ ಬರೋಣ. ಹಸು ತಿಂದ ಮೇವು ಅದರ ದೊಡ್ಡ ಹೊಟ್ಟೆಯಲ್ಲಿ ಹುಳಿತು ಕರಗುವಾಗ ಬಿಸಿ ಹುಟ್ಟುತ್ತದೆ. ಹಾಲು ತಯಾರಾಗುವಾಗಲೂ ಬಿಸಿ ಹುಟ್ಟುತ್ತದೆ. ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸುವಿನ ಮೈಯೊಳಗೆ ಹುಟ್ಟುವ ಬಿಸಿ, ಹೆಚ್ಚುಕಡಿಮೆ ಒಂದು ವಿದ್ಯುತ್ ಇಸ್ತ್ರಿ ಪೆಟ್ಟಿಗೆಯನ್ನು ಹಗಲೂ ರಾತ್ರಿ ಹಚ್ಚಿಟ್ಟಷ್ಟು. ಆ ಬಿಸಿ ಹೊರಗೆ ಹೋಗಲೇಬೇಕು. ಸುತ್ತಲ ಗಾಳಿ 20-25 ಡಿಗ್ರಿ ಇದ್ದರೆ ತಾನಾಗಿಯೇ ಹೋಗುತ್ತದೆ. ಗಾಳಿಯೇ 39 ಆದರೆ ಬಿಸಿ ಹೋಗುವುದೆಲ್ಲಿಗೆ? ಆಗ ಉಳಿಯುವ ದಾರಿ ಒಂದೇ, ನೀರು ಆವಿಯಾಗುವುದು. ಚರ್ಮದ ಬೆವರು ಮತ್ತು ಏದುಸಿರು ಎರಡೂ ಇದೇ ಕೆಲಸ ಮಾಡುತ್ತವೆ. ಮೈಮೇಲಿಂದ ಒಂದು ಲೀಟರ್ ನೀರು ಆರಿದರೆ ಆ ಇಸ್ತ್ರಿ ಪೆಟ್ಟಿಗೆಯ ಮುಕ್ಕಾಲು ಗಂಟೆಗೂ ಮಿಕ್ಕಿದ ಬಿಸಿ ಹೋಗುತ್ತದೆ.

ಒಣ ಹೊಲಕ್ಕೆ ಆದದ್ದೇ ನೀರು ಸಿಗದ ಹಸುವಿಗೂ ಆಗುತ್ತದೆ. ತೇವವಿಲ್ಲದೆ ಕಾಯುತ್ತದೆ. ಎಚ್.ಎಫ್. ಮಿಶ್ರತಳಿಗೆ ಇದು ಹೆಚ್ಚು ಕಷ್ಟ, ದೇಸಿ ರಾಸಿಗೆ ಕಡಿಮೆ. ಎಮ್ಮೆಗೆ ಕಪ್ಪು ಚರ್ಮ, ಬೆವರುವುದೂ ಕಡಿಮೆ. ಅದಕ್ಕೇ ಅದು ಕೆರೆ ಹುಡುಕುತ್ತದೆ. ಕೆರೆ ಬತ್ತಿದ ವರ್ಷ ಎಮ್ಮೆಗೆ ನಾವೇ ಕೆರೆಯಾಗಬೇಕು.

ಹಾಲು, ಜಿಡ್ಡು ಇಳಿಯುವುದೇಕೆ?

ಬಿಸಿ ತಡೆಯಲಾರದ ಹಸು ಮೊದಲು ಮಾಡುವ ಉಪಾಯ ಮೇವು ಬಿಡುವುದು. ಕಡಿಮೆ ತಿಂದರೆ ಒಳಗಿನ ಬಿಸಿ ಕಡಿಮೆ. ಅದರಲ್ಲೂ ನಾರು ಹೆಚ್ಚಿರುವ ಒಣ ಮೇವು ಕರಗುವಾಗ ಬಿಸಿ ಹೆಚ್ಚು ಹುಟ್ಟುವುದರಿಂದ ಅದನ್ನೇ ಮೊದಲು ಬಿಡುತ್ತದೆ. ಹಿಂಡಿ, ಪಶು ಆಹಾರ ಮಾತ್ರ ತಿನ್ನುತ್ತದೆ. ಆದರೆ ಹಾಲಿನ ಜಿಡ್ಡಿಗೆ ಬೇಕಾದ ಮುಖ್ಯ ಕಚ್ಚಾ ವಸ್ತು ತಯಾರಾಗುವುದು ಹೊಟ್ಟೆಯಲ್ಲಿ ನಾರು ಹುಳಿತಾಗ. ನಾರು ತಿನ್ನಲಿಲ್ಲ, ಮೆಲುಕು ಕಡಿಮೆಯಾಯಿತು, ಜಿಡ್ಡು ಇಳಿಯಿತು. ಬರದ ವರ್ಷದಲ್ಲಿ ಹಸಿರು ಮೇವೂ ಇಲ್ಲದ್ದರಿಂದ ಜಿಡ್ಡೇತರ ಘನಾಂಶವೂ ಇಳಿಯಬಹುದು.

ಆದ್ದರಿಂದ ಏಪ್ರಿಲ್‌ನಲ್ಲಿ ಇಡೀ ಊರಿನ ಫ್ಯಾಟು ಒಟ್ಟಿಗೆ ಇಳಿದರೆ, ಮಾಪನದ ಮೇಲೆ ಸಂಶಯ ಪಡುವ ಮುಂಚೆ ಆಕಾಶವನ್ನೂ ಗೋದಲಿಯನ್ನೂ ಒಮ್ಮೆ ನೋಡಬೇಕು. ಹೀಗೆ ಹೇಳಿದ್ದರಿಂದ ಪರೀಕ್ಷೆಯನ್ನು ಕಣ್ಣಾರೆ ನೋಡುವ ಸದಸ್ಯರ ಹಕ್ಕು ಕಡಿಮೆಯಾಗುವುದಿಲ್ಲ. ಹಾಲನ್ನು ಚೆನ್ನಾಗಿ ಕಲಕಿ ಮಾದರಿ ತೆಗೆದಿದ್ದಾರೆಯೇ ಎಂದು ನೋಡಿ, ಕೇಳಿ. ಸಂಘದ ಸಿಬ್ಬಂದಿಯೂ ಬೇಸರವಿಲ್ಲದೆ ತೋರಿಸಬೇಕು. ಮಾಪನ ಸರಿಯಿದ್ದೂ ಇಳಿದಿದ್ದರೆ ಕಾರಣ ಕೊಟ್ಟಿಗೆಯಲ್ಲಿದೆ, ಪರಿಹಾರವೂ ಅಲ್ಲಿಯೇ ಇದೆ.

ನಷ್ಟದ ಲೆಕ್ಕ ಮಾಡಿ. 10 ಲೀಟರ್ ಹಸು 8ಕ್ಕೆ ಇಳಿದರೆ ತಿಂಗಳಿಗೆ 60 ಲೀಟರ್ ಹೋಯಿತು. ಲೆಕ್ಕಕ್ಕಾಗಿ ಲೀಟರಿಗೆ 30 ರೂಪಾಯಿ ಎಂದು ಹಿಡಿದರೂ 1,800 ರೂಪಾಯಿ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಬಿಸಿ ತಗುಲಿದ ಹಸು ಬೆದೆಯನ್ನು ಸರಿಯಾಗಿ ತೋರಿಸುವುದಿಲ್ಲ. ಕೃತಕ ಗರ್ಭಧಾರಣೆ ಮಾಡಿಸಿದರೂ ಮೊದಲ ವಾರದಲ್ಲಿ ಭ್ರೂಣ ಬಿಸಿ ತಾಳದೆ ಹೋಗಬಹುದು. ಏಪ್ರಿಲ್‌ನಲ್ಲಿ ಗಬ್ಬ ನಿಲ್ಲದಿದ್ದರೆ ಮುಂದಿನ ಕರು ತಡ, ಮುಂದಿನ ಹಾಲೂ ತಡ. "ಈ ಹಸು ಕಟ್ಟುವುದಿಲ್ಲ" ಎಂದು ಬೇಸಿಗೆಯಲ್ಲೇ ಒಳ್ಳೆಯ ರಾಸನ್ನು ಸಂತೆಗೆ ಹೊಡೆದುಬಿಡುವವರಿದ್ದಾರೆ. ದಯವಿಟ್ಟು ಒಂದು ಮಳೆ ಬೀಳುವವರೆಗೆ ತಡೆಯಿರಿ, ವೈದ್ಯರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.

ಕೊಟ್ಟಿಗೆಯಲ್ಲಿ ಮಾಡಬೇಕಾದ್ದು

ನಮ್ಮ ಬಯಲು ಸೀಮೆಗೆ ಒಂದು ಅನುಕೂಲವಿದೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಅಲ್ಲಿ ನೀರು ಬೇಗ ಆರುವುದಿಲ್ಲ. ನಮ್ಮ ಏಪ್ರಿಲ್ ಗಾಳಿ ಒಣ. ಒದ್ದೆ ಮಾಡಿದ್ದು ಬೇಗ ಆರುತ್ತದೆ, ಆರುವಾಗ ತಂಪು ಮಾಡುತ್ತದೆ. ಯಾವ ಒಣತನ ಬಿಸಿ ತಂದಿತೋ ಅದೇ ಒಣತನವನ್ನು ತಂಪಿಗೆ ಬಳಸಬಹುದು.

1. ಕುಡಿಯುವ ನೀರು: ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 100 ಲೀಟರ್ ನೀರು ಬೇಕು. ಎರಡು ಹೊತ್ತು ತೋರಿಸಿದರೆ ಸಾಲದು, ಯಾವಾಗಲೂ ಮುಂದೆ ಇರಬೇಕು. ತೊಟ್ಟಿ ನೆರಳಿನಲ್ಲಿರಲಿ. ನೀರು ಹೆಚ್ಚು ಕುಡಿಸಿದರೆ ಹಾಲು ತೆಳುವಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹಾಲಿನ ನೂರರಲ್ಲಿ 87 ಪಾಲು ನೀರೇ. ನೀರು ಸಾಲದಿದ್ದರೆ ಹಾಲೇ ಇಲ್ಲ.

2. ನೆರಳು: ಹೊಂಗೆ, ಬೇವು, ಹುಣಸೆ ಮರದ ನೆರಳಿಗಿಂತ ಒಳ್ಳೆಯ ಕೊಟ್ಟಿಗೆ ಬೇಸಿಗೆಗೆ ಇಲ್ಲ. ಮರ ತಾನೂ ನೀರನ್ನು ಆವಿ ಮಾಡಿ ತಂಪು ಕೊಡುತ್ತದೆ. ತಗಡು ಅಥವಾ ಸಿಮೆಂಟ್ ಶೀಟಿನ ಮಾಡಿದ್ದರೆ ಮೇಲೆ ತೆಂಗಿನ ಗರಿ, ಸೋಗೆ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ.

3. ಮೈಗೆ ನೀರು ಮತ್ತು ಗಾಳಿ: ಬಿಸಿಲು ಏರಿದ ಮೇಲೆ ಎರಡು ಮೂರು ಬಾರಿ ಮೈ ಒದ್ದೆ ಮಾಡಿ, ಗಾಳಿಗೆ ಬಿಡಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಚೆಲ್ಲಿದರೆ ಸೆಕೆ ಹೆಚ್ಚುತ್ತದೆ. ಎರಡು ಪಕ್ಕದ ಗೋಡೆ ತೆರೆದಿಡಿ, ಬಿಸಿಗಾಳಿ ಬರುವ ಕಡೆ ಒದ್ದೆ ಗೋಣಿಚೀಲ ಕಟ್ಟಿ. ನೀರಿನ ಅಭಾವವಿದ್ದಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿದರೂ ಸಾಕು.

4. ಮೇವಿನ ಹೊತ್ತು: ಮೇವಿನ ಬಹುಪಾಲನ್ನು ಬೆಳಗಿನ ಜಾವ ಮತ್ತು ಸೂರ್ಯ ಮುಳುಗಿದ ಮೇಲೆ ಹಾಕಿ. ಒಣ ಹುಲ್ಲು, ಸಪ್ಪೆಯನ್ನು ಕತ್ತರಿಸಿ, ನೀರು ಚಿಮುಕಿಸಿ ಕೊಡಿ. ಬೆವರು, ಜೊಲ್ಲಿನಲ್ಲಿ ಹೋದ ಲವಣ ತುಂಬಲು ಉಪ್ಪು ಮತ್ತು ಖನಿಜ ಮಿಶ್ರಣ ಕೊಡಿ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ತಿಳಿಯಿರಿ.

5. ಬೆದೆ ಗಮನಿಸುವುದು: ಬೇಸಿಗೆಯಲ್ಲಿ ಬೆದೆಯ ಚಿಹ್ನೆಗಳು ಮಂದ. ರಾತ್ರಿ ಮಲಗುವ ಮುಂಚೆ ಮತ್ತು ಬೆಳಗಿನ ಜಾವ ಟಾರ್ಚ್ ಹಿಡಿದು ಒಮ್ಮೆ ನೋಡಿ. ಗರ್ಭಧಾರಣೆ ಮಾಡಿಸಿದ ಹಸುವನ್ನು ಒಂದು ವಾರವಾದರೂ ಬಿಸಿಲಿಗೆ ಬಿಡಬೇಡಿ.

6. ಅಪಾಯದ ಸೂಚನೆ: ಬಾಯಿ ತೆರೆದು ನಾಲಿಗೆ ಹೊರಚಾಚಿ ಏದುಸಿರು, ಜೊಲ್ಲು ಸುರಿಯುವುದು, ತೂರಾಡುವುದು. ಕಂಡೊಡನೆ ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಹಾಕುತ್ತಾ ಗಾಳಿ ಬೀಸಿ, ವೈದ್ಯರನ್ನು ಕರೆಸಿ. ಬಲವಂತವಾಗಿ ಗಂಟಲಿಗೆ ನೀರು ಹೊಯ್ಯಬೇಡಿ.

7. ಕರೆದ ಹಾಲು: ಬಿಸಿಯಲ್ಲಿ ಸೂಕ್ಷ್ಮ ಜೀವಿಗಳು ಬಹು ಬೇಗ ಹೆಚ್ಚುತ್ತವೆ. ಪಾತ್ರೆ ಬಿಸಿ ನೀರಿನಲ್ಲಿ ತೊಳೆದಿರಲಿ, ಒದ್ದೆ ಬಟ್ಟೆ ಸುತ್ತಿರಲಿ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತನ್ನಿ.

ಮುಂಚೆಯೇ ತಿಳಿಯಬಹುದಾದ ಬಿಸಿ

ಇಷ್ಟೆಲ್ಲಾ ಹೇಳಿದ ಮೇಲೆ ಮುಖ್ಯವಾದ ಒಂದು ಮಾತು. 2024ರ ಏಪ್ರಿಲ್ ಹೇಳದೆ ಬಂದದ್ದಲ್ಲ. ಎಲ್ ನಿನೊ ಸುದ್ದಿ 2023ರ ಜೂನ್‌ನಲ್ಲೇ ಇತ್ತು. ಆಗಸ್ಟ್‌ನ ಒಣ ಹೊಲ ಕಣ್ಣ ಮುಂದಿತ್ತು. 2024ರ ಏಪ್ರಿಲ್ 1ರಂದು ಭಾರತೀಯ ಹವಾಮಾನ ಇಲಾಖೆ, ಆ ಬೇಸಿಗೆಯಲ್ಲಿ ಬಿಸಿಗಾಳಿಯ ದಿನಗಳು ವಾಡಿಕೆಗಿಂತ ಹೆಚ್ಚು ಎಂದು ಎಚ್ಚರಿಸಿತ್ತು. ಆದರೆ ಏಪ್ರಿಲ್ 1ರಂದು ಎಚ್ಚೆತ್ತವನಿಗೆ ಮೇವು ಎಲ್ಲಿಂದ ಬರಬೇಕು? ನಮಗೆ ಬೇಕಾದ ಎಚ್ಚರ ಆಗಸ್ಟ್-ಸೆಪ್ಟೆಂಬರ್‌ನದು.

ಆದ್ದರಿಂದ ಒಂದು ಸರಳ ನಿಯಮ ಇಟ್ಟುಕೊಳ್ಳಿ. ಮುಂಗಾರು ಹಂಗಾಮಿನಲ್ಲಿ ಎಲ್ ನಿನೊ ಸುದ್ದಿಯೂ ಇದ್ದು, ಗಣೇಶನ ಹಬ್ಬದ ಹೊತ್ತಿಗೆ ನಿಮ್ಮ ಹೊಲದಲ್ಲಿ ಗುದ್ದಲಿ ಹಾಕಿದರೆ ಒಂದು ಗೇಣು ಆಳದಲ್ಲಿ ತೇವ ಸಿಗದಿದ್ದರೆ, ಮುಂದಿನ ಏಪ್ರಿಲ್ ಕಠಿಣವಾಗಬಹುದೆಂದು ಬಗೆದು ಅಂದಿನಿಂದಲೇ ಸಿದ್ಧರಾಗಿ. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಒಣ ಮೇವು ಎಂದರೂ, ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ 720 ಕಿಲೋ ಬೇಕು. ರಾಗಿ ಹುಲ್ಲು, ಜೋಳದ ಸಪ್ಪೆ, ಶೇಂಗಾ ಹೊಟ್ಟನ್ನು ಕುಯಿಲಿನ ಕಾಲದಲ್ಲೇ ಬಣವೆ ಹಾಕಿ, ಮಾರಬೇಡಿ. ನೀರಿರುವವರು ಮೆಕ್ಕೆಜೋಳವನ್ನು ಹಸಿಯಾಗಿರುವಾಗಲೇ ಕತ್ತರಿಸಿ ರಸಮೇವು ಮಾಡಿಡಿ. ಬದುವಿನ ಮೇಲೆ ನುಗ್ಗೆ, ಅಗಸೆ, ಸುಬಾಬುಲ್ ನೆಟ್ಟರೆ ಬೇಸಿಗೆಯಲ್ಲೂ ಒಂದು ಹಿಡಿ ಹಸಿರು ಸಿಗುತ್ತದೆ. ಹವೆಯ ಸುದ್ದಿಗೆ ಆಕಾಶವಾಣಿ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇವೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಕೇಳಿ ತಿಳಿಯಲು ಸಂಕೋಚ ಬೇಡ.

ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅದರ ಮರುವರ್ಷವೇ ಬರ ಬಂತು. ನಮ್ಮ ಸೀಮೆಯ ಸ್ವಭಾವವೇ ಹೀಗೆ. ತುಂಬಿದ ವರ್ಷದ ನೀರು, ಮೇವು, ನೆರಳನ್ನು ಬರಿದಾದ ವರ್ಷಕ್ಕೆ ಉಳಿಸಿಕೊಂಡವರ ಕೊಟ್ಟಿಗೆಯಲ್ಲಿ ಏಪ್ರಿಲ್‌ನಲ್ಲೂ ಹಸು ಮೆಲುಕು ಹಾಕುತ್ತಿರುತ್ತದೆ. ಸೂರ್ಯನನ್ನು ನಾವು ತಡೆಯಲಾರೆವು. ಹೊಲದಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ, ಅವನ ಬಿಸಿಲು ಬೀಳುವ ಜಾಗದಲ್ಲಿ ಒಂದಿಷ್ಟು ನೀರು, ಒಂದಿಷ್ಟು ಹಸಿರು ಇರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.